ಧರ್ಮ ಮತ್ತು ಅಧಿಕಾರ: ಕೊಡಗಿನ ಎರಡು ಪಾಠಗಳು

ಅಮೇರಿಕದಲ್ಲಿ ಚುನಾವಣೆ ಬಂದಾಗಲೆಲ್ಲ ಅಲ್ಲಿಯ ಇವ್ಯಾಂಜೆಲಿಕಲ್ ಕ್ರೈಸ್ತರ ಮತಗಳ ಬಗ್ಗೆ ಪತ್ರಿಕೆಗಳಲ್ಲಿ ಓದುತ್ತೇವೆ. 1979ರಲ್ಲಿ ಬೋಧಕ ಜೆರ್ರಿ ಫಾಲ್ವೆಲ್ 'ಮಾರಲ್ ಮೆಜಾರಿಟಿ' ಸಂಘಟನೆಯನ್ನು ಕಟ್ಟಿದರು; 1980ರಲ್ಲಿ ಅದು ರೊನಾಲ್ಡ್ ರೇಗನ್‌ರನ್ನು ಬೆಂಬಲಿಸಿತು. ಅಂದಿನಿಂದ ಬಿಳಿಯ ಇವ್ಯಾಂಜೆಲಿಕಲರಲ್ಲಿ ಹೆಚ್ಚಿನವರು ರಿಪಬ್ಲಿಕನ್ ಪಕ್ಷದ ಕಡೆಗಿದ್ದಾರೆ. ಗರ್ಭಪಾತಕ್ಕೆ ತಡೆ, ತಮಗೊಪ್ಪುವ ನ್ಯಾಯಾಧೀಶರ ನೇಮಕ ಇವರ ನಿರೀಕ್ಷೆ. ಒಟ್ಟಾಗಿ ಬೀಳುವ ಓಟು ಪಕ್ಷದ ಲಾಭ. ಧರ್ಮ ಮತ್ತು ಅಧಿಕಾರದ ನಡುವಿನ ಇಂಥ ಕೊಡುಕೊಳ್ಳುವಿಕೆಯನ್ನು ಕೊಡಗು ಬಹಳ ಹಿಂದೆಯೇ ಕಂಡಿದೆ.

1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಕಂಪೆನಿಯ ವಶದಲ್ಲಿದ್ದ ತನ್ನ ಹಣವನ್ನು ಮರಳಿ ಪಡೆಯಲು ಅವನು 1852ರಲ್ಲಿ ಮಗಳು ಗೌರಮ್ಮಳೊಡನೆ ಇಂಗ್ಲೆಂಡಿಗೆ ಹೋದನು. ಅದೇ ವರ್ಷ, ಸುಮಾರು 11ರ ಪ್ರಾಯದ ಆ ಬಾಲೆಗೆ ಜ್ಞಾನಸ್ನಾನವಾಯಿತು. ವಿಕ್ಟೋರಿಯ ರಾಣಿಯೇ ಜ್ಞಾನತಾಯಿ. ತಂದೆಗೆ ರಾಣಿಯ ಕೃಪೆ ಬೇಕಿತ್ತು, ಆಳುವವರಿಗೆ ಭಾರತಕ್ಕೆ ತೋರಿಸಲು ಒಂದು ಮಾದರಿ ಬೇಕಿತ್ತು. ಹಣ ಕೈಸೇರದೆ ತಂದೆ 1859ರಲ್ಲಿ ತೀರಿಕೊಂಡನು. 1864ರಲ್ಲಿ ಗೌರಮ್ಮಳೂ ಅಲ್ಲಿಯೇ ಕಣ್ಮುಚ್ಚಿದಳು.

ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಚರಿತ್ರೆ ಬೇರೆ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕಥೋಲಿಕರಿಗೆ 1792ರ ಸುಮಾರಿಗೆ ನೆಲೆ ಕೊಟ್ಟವನು ದೊಡ್ಡವೀರರಾಜೇಂದ್ರ. ತಾನೂ ಅದೇ ಸೆರೆಯನ್ನು ಕಂಡಿದ್ದವನು. ಬಂದವರು ತಮ್ಮ ವಿಶ್ವಾಸದಲ್ಲಿ, ಅರಸ ತನ್ನ ಧರ್ಮದಲ್ಲಿ ಉಳಿದರು.

ಚುನಾವಣೆಯ ಕಾಲದಲ್ಲಿ ಅಭ್ಯರ್ಥಿಗಳು ನಮ್ಮ ದೇವಾಲಯದ ಅಂಗಳಕ್ಕೂ ಬರುತ್ತಾರೆ. ಅವರನ್ನು ಗೌರವದಿಂದ ಬರಮಾಡಿಕೊಳ್ಳೋಣ. ರಸ್ತೆ, ಶಾಲೆ, ರಕ್ಷಣೆಯನ್ನು ನಾಗರಿಕರಾಗಿ ಕೇಳೋಣ. ಆದರೆ ನಮ್ಮ ವಿಶ್ವಾಸವನ್ನು ಅದಕ್ಕೆ ಬೆಲೆಯಾಗಿ ತೆರದಿರೋಣ.