ಜೇನುನೊಣದ ಕಲಿಕೆಗೆ ಕರುಳಿನ ಹೆಪ್ಪು

ಜೇನುನೊಣದ ಬುದ್ಧಿಯನ್ನು ಪ್ರಯೋಗಶಾಲೆಯಲ್ಲಿ ಅಳೆಯುವುದು ನಾಲಿಗೆಯಿಂದ. ನೊಣವನ್ನು ಸ್ವಲ್ಪ ಹೊತ್ತು ಮಂಜುಗಡ್ಡೆಯ ತಂಪಿನಲ್ಲಿಟ್ಟು, ಮಂಕಾದಾಗ ಸಣ್ಣ ಕೊಳವೆಯೊಳಗೆ ತಲೆಯಷ್ಟೇ ಹೊರಗಿರುವಂತೆ ಕೂರಿಸುತ್ತಾರೆ. ಅದು ಚೇತರಿಸಿಕೊಂಡ ಮೇಲೆ ಮುಖಕ್ಕೆ ಒಂದು ವಾಸನೆ ಊದಿ, ಅದರ ಬೆನ್ನಲ್ಲೇ ಕುಡಿಮೀಸೆಗೆ ಸಕ್ಕರೆ ನೀರು ಮುಟ್ಟಿಸುತ್ತಾರೆ. ಸಿಹಿ ತಾಕಿದ್ದೇ ತಡ, ಮಡಚಿಕೊಂಡಿದ್ದ ನಾಲಿಗೆ ಹೊರಗೆ ಚಾಚುತ್ತದೆ. ಕೆಲವು ಸಲ ಹೀಗೆ ಮಾಡಿದರೆ ಸಾಕು, ಆಮೇಲೆ ಸಕ್ಕರೆ ಇಲ್ಲದಿದ್ದರೂ ಆ ವಾಸನೆಗೇ ನಾಲಿಗೆ ಚಾಚುತ್ತದೆ. ಸಿಹಿ ತಾರದ ಇನ್ನೊಂದು ವಾಸನೆ ಬಂದರೆ ಸುಮ್ಮನಿರುವುದನ್ನೂ ಕಲಿಯುತ್ತದೆ. ಸುಮಾರು 10 ಲಕ್ಷ ನರಕೋಶಗಳ ಪುಟ್ಟ ಮಿದುಳಿಗೆ ಇದು ಸಣ್ಣ ಸಾಧನೆಯಲ್ಲ.

ಈ ಕಲಿಕೆಗೆ ಮಿದುಳೊಂದೇ ಸಾಲದು ಎಂದು 2022ರಲ್ಲಿ ಬೀಜಿಂಗ್‌ನ ಚೀನಾ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಕರುಳಿನಲ್ಲಿ ಬ್ಯಾಕ್ಟೀರಿಯಾ ಇಲ್ಲದಂತೆ ಬೆಳೆಸಿದ ನೊಣಗಳು ಈ ಪಾಠದಲ್ಲಿ ಹಿಂದೆ ಬಿದ್ದವು.

ಅಂಥ ನೊಣಗಳನ್ನು ಪಡೆಯುವುದು ಕಷ್ಟವೇನಲ್ಲ. ಕೋಶದಿಂದ ಹೊರಬರುವ ಮರಿನೊಣದ ಕರುಳು ಹೆಚ್ಚುಕಡಿಮೆ ಖಾಲಿ. ಎರಿಯಿಂದ ಪ್ಯೂಪಾಗಳನ್ನು ಚಿಮಟಿಯಿಂದ ಎತ್ತಿ ಶುದ್ಧವಾದ ಪೆಟ್ಟಿಗೆಯಲ್ಲಿ ಬಲಿಯಲು ಬಿಟ್ಟು, ಸೋಂಕು ತೆಗೆದ ಆಹಾರ ಕೊಟ್ಟರಾಯಿತು. ಗೂಡಿನಲ್ಲಾದರೆ ಎರಿಯ ಮೇಲೆ ಓಡಾಡಿ, ಅಕ್ಕಂದಿರ ಒಡನಾಟದಿಂದ, ಅವರ ಹಿಕ್ಕೆಯಿಂದ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುವಂತೆ, ಒಂದು ಪೀಳಿಗೆಯ ಕರುಳು ಮುಂದಿನ ಪೀಳಿಗೆಗೆ ಹೆಪ್ಪು ಹಾಕುತ್ತದೆ. ಬಳಿಕ ಒಂದೊಂದು ನೊಣದೊಳಗೆ ಹತ್ತಾರು ಕೋಟಿ ಬ್ಯಾಕ್ಟೀರಿಯಾ. ಬಹುಪಾಲು ಹಿಂಗರುಳಿನಲ್ಲೇ. ಸ್ನಾಡ್‌ಗ್ರಾಸೆಲ್ಲಾ ಗೋಡೆಗೆ ಅಂಟಿಕೊಂಡು ಆಮ್ಲಜನಕವನ್ನು ಬಳಸಿ ಮುಗಿಸುತ್ತದೆ, ಗಿಲಿಯಾಮೆಲ್ಲಾ ಅದರ ಮೇಲೆ ಪದರ ಕಟ್ಟುತ್ತದೆ, ತುದಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಗುಂಪು ಪರಾಗದ ಉಳಿಕೆಯನ್ನು ಹುದುಗಿಸುತ್ತದೆ.

ಕಲಿಕೆಯ ವಿಷಯದಲ್ಲಿ ಬೀಜಿಂಗ್ ತಂಡದ ಕಣ್ಣು ನೆಟ್ಟಿದ್ದು ಈ ಲ್ಯಾಕ್ಟೊಬ್ಯಾಸಿಲಸ್ ಮೇಲೆಯೇ. ಆಹಾರದಲ್ಲಿ ಬರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಅದು ಇಂಡೋಲ್ ಜಾತಿಯ ರಾಸಾಯನಿಕಗಳಾಗಿ ಮಾರ್ಪಡಿಸುತ್ತದೆ. ಅವು ನೊಣದ ಜೀವಕೋಶಗಳಲ್ಲಿರುವ ಒಂದು ಗ್ರಾಹಕ ಪ್ರೋಟೀನನ್ನು ಚುರುಕುಗೊಳಿಸುತ್ತವೆ, ನೆನಪು ಸುಧಾರಿಸುತ್ತದೆ. ನರಗಳ ಸಂದೇಶವಾಹಕ ಸೆರೊಟೋನಿನ್ ತಯಾರಾಗುವುದೂ ಟ್ರಿಪ್ಟೊಫ್ಯಾನ್‌ನಿಂದಲೇ ಎಂಬುದನ್ನು ನೆನೆದರೆ, ಕರುಳಿನಲ್ಲಿ ಅದಕ್ಕೆ ಏನಾಗುತ್ತದೆ ಎಂಬುದು ಮಿದುಳಿಗೆ ಎಷ್ಟು ಹತ್ತಿರದ ಸಂಗತಿ ಎಂದು ಅರಿವಾಗುತ್ತದೆ. ಅದಕ್ಕೂ ಒಂದು ವರ್ಷ ಮೊದಲು ಜೇನಿನ ನೆಂಟ ಬಂಬಲ್‌ ಬೀಯಲ್ಲೂ ಲ್ಯಾಕ್ಟೊಬ್ಯಾಸಿಲಸ್ ಹೆಚ್ಚಿದ್ದ ನೊಣಗಳ ನೆನಪು ಚೆನ್ನಾಗಿರುವುದು ಕಂಡುಬಂದಿತ್ತು.

ನಡವಳಿಕೆಯ ಮೇಲೂ ಪ್ರಭಾವವಿದೆ. ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ನೊಣಗಳ ಬೆನ್ನಿಗೆ ಪುಟ್ಟ ಗುರುತುಚೀಟಿ ಅಂಟಿಸಿ ಕ್ಯಾಮೆರಾದಿಂದ ಹಿಂಬಾಲಿಸಿದರು. ಬ್ಯಾಕ್ಟೀರಿಯಾ ಇದ್ದ ನೊಣಗಳು ತಲೆಗೆ ತಲೆ ತಾಗಿಸಿ ಹೆಚ್ಚು ಸಲ ಭೇಟಿಯಾದವು, ಅದೂ ತಮಗೆ ಬೇಕಾದವರನ್ನು ಹುಡುಕಿಕೊಂಡು. ಅಮೆರಿಕದ ಸೇಂಟ್ ಲೂಯಿಸ್‌ನ ತಂಡ ಹೇಳಿದ್ದು ಇನ್ನೂ ಬೆರಗಿನದು: ಕಾವಲು ನೊಣ ಬಾಗಿಲಲ್ಲಿ ನಮ್ಮವರು, ಪರರು ಎಂದು ಗುರುತಿಸುವ ಮೈವಾಸನೆಯನ್ನು ರೂಪಿಸುವುದರಲ್ಲೂ ಕರುಳಿನ ಬ್ಯಾಕ್ಟೀರಿಯಾದ ಕೈವಾಡವಿದೆ.

ಹಾಗಾಗಿ ಯಾವುದೇ ರಾಸಾಯನಿಕ ಜೇನಿಗೆ ನಿರಪಾಯ ಎನ್ನಲು ಸತ್ತ ನೊಣಗಳನ್ನು ಎಣಿಸಿದರೆ ಸಾಲದು ಎಂದು ನಾನು ದೃಢವಾಗಿ ನಂಬಿದ್ದೇನೆ. ಗ್ಲೈಫೋಸೇಟ್ ಕಳೆನಾಶಕವನ್ನೇ ನೋಡಿ. ಅದು ತಡೆಯುವ ಕಿಣ್ವ ಗಿಡಗಳಲ್ಲಿದೆ, ಪ್ರಾಣಿಗಳಲ್ಲಿಲ್ಲ, ಆದ್ದರಿಂದ ನೊಣಕ್ಕೆ ತೊಂದರೆಯಿಲ್ಲ ಎಂಬುದು ವಾದ. ಆದರೆ ಆ ಕಿಣ್ವ ನೊಣದ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಇದೆ! 2018ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ನ್ಯಾನ್ಸಿ ಮೊರಾನ್ ತಂಡ, ಗ್ಲೈಫೋಸೇಟ್ ತಿಂದ ನೊಣಗಳಲ್ಲಿ ಸ್ನಾಡ್‌ಗ್ರಾಸೆಲ್ಲಾ ಕುಸಿದದ್ದನ್ನು ತೋರಿಸಿತು. ರೋಗ ತಡೆಯಲೆಂದು ಜೇನುಸಾಕಣೆಗಾರರು ಕೊಡುವ ಟೆಟ್ರಾಸೈಕ್ಲಿನ್ ಕೂಡ ಕರುಳನ್ನು ಬರಿದುಮಾಡಿ ನೊಣಗಳ ಆಯುಸ್ಸು ಕುಗ್ಗಿಸುತ್ತದೆ ಎಂದು ಅದೇ ತಂಡ ಅದಕ್ಕೂ ಮೊದಲೇ ಹೇಳಿತ್ತು.

ಜೇನಿನ ಈ ಪ್ರಯೋಗಗಳು ನಡೆದದ್ದು ಯುರೋಪಿಯನ್ ಜೇನಿನ ಮೇಲೆ. ಮಲೆನಾಡಿನ ಪೆಟ್ಟಿಗೆಗಳಲ್ಲಿರುವ ನಮ್ಮ ತುಡುವೆಯ ಕರುಳಿನಲ್ಲೂ ಸ್ನಾಡ್‌ಗ್ರಾಸೆಲ್ಲಾ, ಗಿಲಿಯಾಮೆಲ್ಲಾ ಇವೆ, ಆದರೆ ತಳಿ ಬೇರೆ. ತೋಟಕ್ಕೆ ಏನು ಸಿಂಪಡಿಸಬಹುದು ಎಂದು ನಿರ್ಧರಿಸುವ ಮೊದಲು ಆ ವಾಸನೆಯ ಪಾಠವನ್ನು ತುಡುವೆಗೂ ಕೊಟ್ಟು ನೋಡಬೇಕು.