ಮುಚ್ಚಳಗಳಿಗೆ ಶಿಸ್ತು ಕಲಿಸುವ ಬೋಗುಣಿ

ಕೆಮ್ಮಿನ ಔಷಧದ ಬಾಟಲಿಗೆ ಮುಚ್ಚಳ ಹಾಕಿದವರು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ? ಕಾರ್ಖಾನೆಗೆ ಮುಚ್ಚಳಗಳು ಬರುವುದು ಚೀಲಗಟ್ಟಲೆ. ಕೆಲವು ಅಂಗಾತ, ಕೆಲವು ಬೋರಲು, ಕೆಲವು ಒಂದರ ಮೇಲೊಂದು. ಆದರೆ ಬಾಟಲಿಯ ಹತ್ತಿರ ಬರುವಾಗ ಪ್ರತಿಯೊಂದೂ ಒಂದೇ ಭಂಗಿಯಲ್ಲಿರಬೇಕು. ನಿಮಿಷಕ್ಕೆ ನೂರು ಬಾಟಲಿ ಸಾಗುವ ಕಡೆ ಕೈಯಿಂದ ಜೋಡಿಸುತ್ತ ಕೂರಲಾಗದು. ಈ ಕೆಲಸ ಮಾಡುವುದು ವೈಬ್ರೇಟರಿ ಬೌಲ್ ಫೀಡರ್, ಅಂದರೆ ಕಂಪಿಸುವ ಬೋಗುಣಿ. ಇದಕ್ಕೆ ಕಣ್ಣೂ ಇಲ್ಲ, ಕಂಪ್ಯೂಟರೂ ಬೇಕಿಲ್ಲ.

ಅಜ್ಜಿ ಮೊರದಲ್ಲಿ ಅಕ್ಕಿ ಕೇರುವುದನ್ನು ನೋಡಿದವರಿಗೆ ಇದರ ಗುಟ್ಟು ಅರ್ಧ ತಿಳಿದಂತೆ. ಅಜ್ಜಿ ಕಾಳುಗಳನ್ನು ಒಂದೊಂದಾಗಿ ಹೆಕ್ಕುವುದಿಲ್ಲ. ಮೊರವನ್ನು ಲಯಬದ್ಧವಾಗಿ ಅಲುಗಿಸುತ್ತಾಳೆ, ಅವು ತಾವಾಗಿಯೇ ಬೇರ್ಪಡುತ್ತವೆ.

ಏರುವುದು ಹೇಗೆ?

ಬೋಗುಣಿಯ ಒಳಗೋಡೆಯಲ್ಲಿ ತಳದಿಂದ ಅಂಚಿನವರೆಗೆ ಸುರುಳಿಯಾಕಾರದ ಕಿರಿದಾರಿ ಇರುತ್ತದೆ. ಬೋಗುಣಿಯನ್ನು ಓರೆಯಾಗಿ ನಿಲ್ಲಿಸಿದ ಪಟ್ಟಿ ಸ್ಪ್ರಿಂಗ್‌ಗಳು ಹೊತ್ತಿರುತ್ತವೆ. ಕೆಳಗಿನ ವಿದ್ಯುತ್ಕಾಂತ ಎಳೆದಾಗ ಬೋಗುಣಿ ಕೆಳಗಿಳಿಯುತ್ತ ತುಸು ಹಿಂದಕ್ಕೆ ತಿರುಗುತ್ತದೆ; ಬಿಟ್ಟಾಗ ಮೇಲೇರುತ್ತ ಮುಂದಕ್ಕೆ ತಿರುಗುತ್ತದೆ. ಮುಚ್ಚಳ ಪ್ರತಿ ಸಲವೂ ಕೂದಲೆಳೆಯಷ್ಟು ಮುಂದಕ್ಕೆ ಜಿಗಿಯುತ್ತದೆ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಒಂದು ಆವರ್ತದಲ್ಲಿ ಕಾಂತ ಎರಡು ಸಲ ಎಳೆಯುವುದರಿಂದ ಸೆಕೆಂಡಿಗೆ 100 ಜಿಗಿತ! ಹೀಗೆ ಮುಚ್ಚಳಗಳು ಏರುದಾರಿಯಲ್ಲಿ ಹರಿದಂತೆ ಸಾಗುತ್ತವೆ.

ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ದೊಡ್ಡ ತೂಗು ಸಿಗುತ್ತದೆಯಲ್ಲವೆ? ಹಾಗೆಯೇ ಸ್ಪ್ರಿಂಗ್ ಪಟ್ಟಿಗಳನ್ನು ಕೂಡಿಸಿ, ಕಳೆದು ಬೋಗುಣಿಯ ಸಹಜ ಕಂಪನವನ್ನು ಕಾಂತದ ಲಯದ ಸಮೀಪಕ್ಕೆ ತರುತ್ತಾರೆ. ಪೂರ್ತಿ ಹೊಂದಿಸುವುದಿಲ್ಲ. ಹೊಂದಿಸಿದರೆ ಬೋಗುಣಿಯ ಭಾರ ಸ್ವಲ್ಪ ಬದಲಾದರೂ ಓಟ ಏರುಪೇರಾಗುತ್ತದೆ.

ತಪ್ಪಿದ್ದು ಕೆಳಕ್ಕೆ

ನಿಜವಾದ ಜಾಣ್ಮೆ ಇರುವುದು ದಾರಿಯಲ್ಲಿ. ಮೊದಲು ಒಂದು ಅಡ್ಡಪಟ್ಟಿ. ಅದರಡಿ ಒಂದೇ ಮುಚ್ಚಳದ ಎತ್ತರಕ್ಕೆ ಜಾಗ. ಸವಾರಿ ಮಾಡುತ್ತ ಬಂದದ್ದು ಹಿಂದಕ್ಕೆ ಬೀಳುತ್ತದೆ. ಮುಂದೆ ದಾರಿಯ ಅಂಚನ್ನು ಅರ್ಧಚಂದ್ರಾಕಾರದಲ್ಲಿ ಕತ್ತರಿಸಿರುತ್ತಾರೆ. ಅಂಗಾತ ಬಂದ ಮುಚ್ಚಳಕ್ಕೆ ಚಪ್ಪಟೆ ಬೆನ್ನಿನ ಆಧಾರವಿದೆ, ದಾಟುತ್ತದೆ. ಬೋರಲಾಗಿ ಬಂದದ್ದಕ್ಕೆ ಅಂಚಷ್ಟೇ ಆಧಾರ. ಅದು ವಾಲಿ ಮತ್ತೆ ತಳಕ್ಕೆ ಬೀಳುತ್ತದೆ. ದಾಟಿದವನ್ನು ಮುಂದೆ ತಿರುಚಿದ ಹಳಿಯೊಂದು ಮಗುಚಿ ಬಾಟಲಿಯತ್ತ ಕಳಿಸುತ್ತದೆ.

ಇಲ್ಲೊಂದು ಲೆಕ್ಕವಿದೆ. ಮುಚ್ಚಳಗಳಲ್ಲಿ ಅರ್ಧದಷ್ಟು ಮಾತ್ರ ಸರಿಯಾದ ಭಂಗಿಯಲ್ಲಿ ಬರುತ್ತವೆ ಎನ್ನಿ. ನಿಮಿಷಕ್ಕೆ 100 ಬೇಕಾದರೆ ಕನಿಷ್ಠ 200 ಏರಿ ಬರಬೇಕು. ನಾಲ್ಕರಲ್ಲಿ ಒಂದು ಸರಿಯಿದ್ದರೆ 400. ಪಠ್ಯಪುಸ್ತಕದ ಸಂಭವನೀಯತೆಯ ಪಾಠ ಇಲ್ಲಿ ಕಾರ್ಖಾನೆಯ ಉತ್ಪಾದನೆಯನ್ನೇ ನಿರ್ಧರಿಸುತ್ತದೆ.

ಆಕಾರದಲ್ಲೇ ಉತ್ತರ

ಕೆಲವು ಬಿಡಿಭಾಗಗಳು ಮಾತ್ರ ಯಾವ ಬೋಗುಣಿಗೂ ಜಗ್ಗುವುದಿಲ್ಲ. ಎರಡು ತುದಿಗಳ ನಡುವೆ ಕಣ್ಣಿಗೆ ಕಾಣದಷ್ಟೇ ವ್ಯತ್ಯಾಸವಿದ್ದರೆ ಯಾವ ಅಂಚು ತಾನೇ ಅದನ್ನು ಗುರುತಿಸೀತು? ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯವನ್ನು ದೀರ್ಘಕಾಲ ಅಧ್ಯಯನ ಮಾಡಿದವರು ಜೆಫ್ರಿ ಬೂತ್‌ರಾಯ್ಡ್. ಅವರ ಸಲಹೆ ಸರಳ: ಬಿಡಿಭಾಗ ಎಲ್ಲ ಕಡೆ ಒಂದೇ ರೀತಿ ಇರಲಿ, ಆಗದಿದ್ದರೆ ವ್ಯತ್ಯಾಸ ಎದ್ದು ಕಾಣಲಿ. ನಡುವಿನ ಸ್ಥಿತಿಯೇ ತೊಂದರೆ. ಚಿತ್ರ ಬರೆಯುವ ಎಂಜಿನಿಯರ್ ಹೊರಮೈಗೆ ಒಂದು ಸಣ್ಣ ಏಣು ಸೇರಿಸಿದರೆ ಬೋಗುಣಿ ಮಾಡುವವರ ಎಷ್ಟೋ ದಿನಗಳ ಪರದಾಟ ತಪ್ಪುತ್ತದೆ. ತಯಾರಿಕೆಗೆ ಅನುಕೂಲವಾದ ವಿನ್ಯಾಸದ ಬಗ್ಗೆ ನಡೆಸಿದ ಕೆಲಸಕ್ಕಾಗಿ ಬೂತ್‌ರಾಯ್ಡ್ ಮತ್ತು ಅವರ ಸಹೋದ್ಯೋಗಿ ಪೀಟರ್ ಡ್ಯೂಹರ್ಸ್ಟ್ ಅವರಿಗೆ 1991ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ದೊರೆಯಿತು.

ಓದಿದರೆ ಸಾಲದು

ಇಂದು ಕ್ಯಾಮರಾ ಮತ್ತು ರೋಬಾಟ್ ಕೂಡ ಬಿಡಿಭಾಗಗಳನ್ನು ಹೆಕ್ಕುತ್ತವೆ. ಆದರೂ ಒಂದೇ ಬಗೆಯ ವಸ್ತುವನ್ನು ರಾಶಿಗಟ್ಟಲೆ ಜೋಡಿಸುವ ಕಡೆ ಬೋಗುಣಿ ಉಳಿದುಕೊಂಡಿದೆ. ಲೆಕ್ಕ ಎಷ್ಟೇ ಹಾಕಿದರೂ ಕೊನೆಗೆ ಬೆಸುಗೆ ಹಾಕಿ, ಅರದಿಂದ ಉಜ್ಜಿ, ಓಡಿಸಿ ನೋಡಿ ತಿದ್ದುವ ನುರಿತ ಕೈ ಬೇಕೇ ಬೇಕು. ಎಸ್‌ಎಸ್‌ಎಲ್‌ಸಿ ನಂತರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಕಲಿಯುವವರು ಬೆಳೆಸಿಕೊಳ್ಳುವುದು ಇಂಥದೇ ಕೈಯನ್ನು. ಮಕ್ಕಳು ಆ ದಾರಿ ಹಿಡಿಯುತ್ತೇವೆಂದರೆ ‘ಅಂಕ ಕಡಿಮೆ ಬಂದವರ ಓದು’ ಎಂದು ತಂದೆತಾಯಿ ಮೂಗು ಮುರಿಯಬೇಕಿಲ್ಲ.

ನೀವೇ ಒಂದು ಪ್ರಯೋಗ ಮಾಡಿ. ಎರಡು ಅಡಿಪಟ್ಟಿಗಳನ್ನು ಎರಡು ಪುಸ್ತಕದ ರಾಶಿಗಳ ಮೇಲೆ ಸೇತುವೆಯಂತಿಟ್ಟು, ನಡುವೆ ಸ್ಕ್ರೂವಿನ ಕಾಂಡ ತೂರುವಷ್ಟು, ತಲೆ ತೂರದಷ್ಟು ಸಂದು ಬಿಡಿ. ಉದ್ದನೆಯ ಸ್ಕ್ರೂಗಳನ್ನು ಮೇಲೆ ಸುರಿದು ಮೆಲ್ಲಗೆ ತಟ್ಟಿ. ಸಂದಿಗೆ ಬಿದ್ದವೆಲ್ಲ ತಲೆ ಮೇಲೆ ಮಾಡಿ ಸಾಲಾಗಿ ನೇತಾಡುತ್ತವೆ. ಅವನ್ನು ತಿರುಗಿಸಿ ನಿಲ್ಲಿಸಿದ್ದು ನಿಮ್ಮ ಕೈಯಲ್ಲ, ಸಂದಿನ ಅಳತೆ.