ಏಳಿಗೆಯ ಲೆಕ್ಕ, ಹೊಗೆಯ ಲೆಕ್ಕ

೧೯೫೩ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಬದಲಾಯಿತು, ಎರೆಭೂಮಿಯ ಹತ್ತಿ ಬದಲಾಗಲಿಲ್ಲ. ಇಂದಿಗೂ ಆದವಾನಿಯ ಮಾರುಕಟ್ಟೆಗೆ ಬಂದ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಲ್ಲಿ ಅರಳೆಯಾಗಿ, ಬೀಜವಾಗಿ ಬೇರ್ಪಡುತ್ತದೆ. ಈ ಯಂತ್ರಗಳು ತಿರುಗುವುದು ವಿದ್ಯುತ್ತಿನಿಂದ. ನಮ್ಮ ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲನ್ನು ಸುಟ್ಟು ಪಡೆದದ್ದು. ಚಿಮಣಿ ಎಲ್ಲೋ ದೂರದಲ್ಲಿದ್ದರೂ ಅದರ ಇಂಗಾಲದ ಡೈಆಕ್ಸೈಡ್ ಭೂಮಿಯನ್ನೆಲ್ಲ ಕಾಯಿಸುತ್ತದೆ. ಮಳೆಯನ್ನೇ ನೆಚ್ಚಿದ ಹೊಲಗಳಿಗೆ ಇದು ಅನ್ಯರ ಸಂಗತಿಯಲ್ಲ.

ಹಾಗೆಂದು ಏಳಿಗೆಯನ್ನೇ ತಡೆಯಬೇಕೇ? ಹೀಗೆ ಕೇಳುವವರು ಕೋಸಿಗಿ, ಕೌತಾಳಂ ಕಡೆಯ ಹಳ್ಳಿಗಳನ್ನು ನೋಡಬೇಕು. ಮಳೆ ಕೈಕೊಟ್ಟ ವರ್ಷ ಅಲ್ಲಿನ ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ, ಮೆಣಸಿನಕಾಯಿ ಬಿಡಿಸಲು ಗುಂಟೂರು ಸೀಮೆಗೆ ಸುಗ್ಗಿಗೆಂದು ಹೊರಡುತ್ತವೆ; ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ. ತಲೆಗೆ ಲೆಕ್ಕ ಹಾಕಿದರೆ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು ೨ ಟನ್. ಅಮೆರಿಕದವನದು ಅದರ ಆರೇಳು ಪಟ್ಟು. ಈ ಕೂಲಿಯವರ ಮನೆಯಲ್ಲಿ ಏಳಿಗೆಯೂ ಇಲ್ಲ, ಹೊಗೆಯೂ ಇಲ್ಲ.

ಏಳಿಗೆಗೂ ಹೊಗೆಗೂ ಬಿದ್ದ ಗಂಟು ಸಡಿಲವಾಗಬಲ್ಲುದು. ೨೦೦೫ರಿಂದ ೨೦೧೯ರ ನಡುವೆ, ಒಂದು ರೂಪಾಯಿಯ ಉತ್ಪನ್ನಕ್ಕೆ ಭಾರತವು ಹೊರಬಿಡುವ ಭೂಮಿ ಕಾಯಿಸುವ ಅನಿಲಗಳ ಪ್ರಮಾಣ ಶೇಕಡಾ ೩೩ರಷ್ಟು ಇಳಿಯಿತೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಆದರೆ ಉತ್ಪನ್ನ ಅದಕ್ಕಿಂತ ಬೇಗ ಬೆಳೆದುದರಿಂದ ಒಟ್ಟು ಹೊಗೆ ಏರುತ್ತಲೇ ಹೋಯಿತು. ಗಂಟು ಸಡಿಲವಾಗುವುದು ಬೇರೆ, ಬಿಚ್ಚುವುದು ಬೇರೆ.

ಬಿಚ್ಚುವ ದಾರಿಯೊಂದು ನಮ್ಮ ಸೀಮೆಯಲ್ಲೇ ಇದೆ. ಕರ್ನೂಲಿನಾಚೆ ಓರ್ವಕಲ್ಲು, ಗಡಿವೇಮುಲ ಪ್ರದೇಶದಲ್ಲಿ ೨೦೧೭ರಲ್ಲಿ ೧೦೦೦ ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರ ಸಿದ್ಧವಾಯಿತು. ನಮ್ಮನ್ನು ಸುಡುವ ಬಿಸಿಲೇ ಅಲ್ಲಿ ವಿದ್ಯುತ್ತಾಗುತ್ತದೆ. ಆದರೆ ಫಲಕಗಳನ್ನು ಹೂಡಿ ಮುಗಿಸಿದ ಮೇಲೆ ಇಂಥ ಸ್ಥಾವರಕ್ಕೆ ಕೆಲಸಗಾರರು ಕೆಲವರೇ ಸಾಕು. ವಿದ್ಯುತ್ತೂ ತಂತಿಯೇರಿ ಹೊರಟುಹೋಗುತ್ತದೆ. ಬಿಸಿಲು ನಮ್ಮದಾದರೆ ಸಾಲದು, ಅದರಿಂದ ಹುಟ್ಟುವ ದುಡಿಮೆಯೂ ನಮ್ಮದಾಗಬೇಕು. ಆದವಾನಿಯ ಅರಳೆ ಇಲ್ಲಿಯೇ ಸೌರ ವಿದ್ಯುತ್ತಿನಿಂದ ನೂಲಾಗಲಿ. ನೇಕಾರಿಕೆಗೆ ಹೆಸರಾದ ಎಮ್ಮಿಗನೂರಿನ ಮಗ್ಗಗಳಲ್ಲಿ ಆ ನೂಲು ಬಟ್ಟೆಯಾಗಲಿ.

ಸರ್ಕಾರಗಳು ಎಷ್ಟು ಟನ್ ಹೊಗೆ ಉಳಿಯಿತೆಂದು ಎಣಿಸುತ್ತವೆ. ಅದು ಬೇಕಾದ ಲೆಕ್ಕವೇ. ಅದರ ಪಕ್ಕದಲ್ಲೇ, ಸುಗ್ಗಿಗೆ ಹೋಗದೆ ಊರಲ್ಲೇ ಉಳಿದ ಕುಟುಂಬಗಳೆಷ್ಟು ಎಂಬ ಲೆಕ್ಕವನ್ನೂ ಬರೆದಿಡಬೇಕೆಂದು ನಾವು ಕೇಳುತ್ತೇವೆ.